ಗಾರೆ ಕೆರೆದು ಮುರಕಲ್ಲು ತೋರಿಸಬಹುದೇ? ಕಾಸರಗೋಡಿನ ಒಂದು ಹಳೇ ಗಾಥಿಕ್ ಇಗರ್ಜಿ

ಪಯಸ್ವಿನಿ_ದಂಡೆ (ಪ್ರಶ್ನೆ)

ಕಾಸರಗೋಡು ತಾಲೂಕಿನ ಒಂದು ಹಳ್ಳಿಯ ಇಗರ್ಜಿ (ಚರ್ಚು), ಹೆಸರು ಇಲ್ಲಿ ಬೇಡ. ಮುಖಗೋಡೆಯಲ್ಲಿ 1890ರ ದಶಕದ ಇಸವಿ ಬರೆದಿದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಸುಣ್ಣದ ಗಾರೆ, ಚೂಪು ಕಮಾನಿನ ಕಿಟಕಿಗಳು, ಮುಂದೆ ಒಂದೇ ಗೋಪುರ, ಮಂಗಳೂರು ಹಂಚಿನ ಮಾಡು (ಚಾವಣಿ). ಪಶ್ಚಿಮಕ್ಕೆ ಮುಖ. ಆ ಬದಿಯ ಗಾರೆ ಅಲ್ಲಲ್ಲಿ ಉಬ್ಬಿ ಹಾಳೆ ಹಾಳೆಯಾಗಿ ಬೀಳುತ್ತಿದೆ.

ಪಾಲನಾ ಮಂಡಳಿಯಲ್ಲಿ ಎರಡು ಅಭಿಪ್ರಾಯ. ಗಾರೆ ಪೂರ್ತಿ ಕೆರೆದು ಕೆಂಪು ಕಲ್ಲು ಕಾಣುವಂತೆ ಬಿಟ್ಟು, ಮೇಲೆ ಪಾರದರ್ಶಕ ಕೋಟಿಂಗ್ ಹೊಡೆಯೋಣ, ಈಗ ರೆಸಾರ್ಟುಗಳಲ್ಲಿ ಮಾಡುತ್ತಾರಲ್ಲ ಹಾಗೆ, ಎನ್ನುವುದು ಒಂದು. ಕೆರೆದು ಸಿಮೆಂಟ್ ಗಾರೆ ಮಾಡೋಣ ಎನ್ನುವುದು ಇನ್ನೊಂದು. ಸ್ಮರಣ ಸಂಚಿಕೆಗೆ ಲೇಖನವೂ ಬೇಕು. ಅದರಲ್ಲಿ "ವಿಕ್ಟೋರಿಯನ್ ಗಾಥಿಕ್ ಶೈಲಿ" ಎಂದು ಬರೆದರೆ ತಪ್ಪಾಗುತ್ತದೆಯೇ? ಗೋಡೆಯ ಮೇಲಿನ ಇಸವಿಯನ್ನು ಎಷ್ಟು ನಂಬಬಹುದು? ಅಳೆದು ದಾಖಲಿಸುವುದಿದ್ದರೆ ಯಾವ ಯಾವ ಭಾಗ ಅಳೆಯಬೇಕು?

ಕಮಾನು_ಲೆಕ್ಕ

ಹೆಸರಿನ ಪ್ರಶ್ನೆ ಮೊದಲು. ವಿಕ್ಟೋರಿಯಾ ರಾಣಿಯ ಆಳ್ವಿಕೆ 1837ರಿಂದ 1901. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೆ. ಹಾಗಾಗಿ ಕಾಲದ ಲೆಕ್ಕದಲ್ಲಿ ನಿಮ್ಮ ಕಟ್ಟಡ ವಿಕ್ಟೋರಿಯನ್, ಅದರಲ್ಲಿ ತಕರಾರಿಲ್ಲ. ಶೈಲಿಯ ಲೆಕ್ಕ ಬೇರೆ. ಗಾಥಿಕ್ ಎಂದರೆ ಮಧ್ಯಯುಗದ ಯುರೋಪಿನ ಚೂಪು ಕಮಾನಿನ ಶೈಲಿ, 19ನೇ ಶತಮಾನದಲ್ಲಿ ಮರಳಿ ಚಾಲ್ತಿಗೆ ಬಂದದ್ದು.

ಇಂಗ್ಲೆಂಡಿನಲ್ಲಿ ವಿಕ್ಟೋರಿಯನ್ ಪ್ಯಾರಿಷ್ ಚರ್ಚ್ ಎಂದಾಗ ಆಂಗ್ಲಿಕನ್ ಸಭೆಯ ಒಂದು ನಿರ್ದಿಷ್ಟ ಮಾದರಿ ಮನಸ್ಸಿಗೆ ಬರುತ್ತದೆ. 1818ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಹೊಸ ಚರ್ಚುಗಳಿಗೆಂದು ಹತ್ತು ಲಕ್ಷ ಪೌಂಡ್ ಮಂಜೂರು ಮಾಡಿತು. ಆ ದುಡ್ಡಿನಲ್ಲಿ ಎದ್ದ ಕಟ್ಟಡಗಳಲ್ಲಿ ಬಹುಪಾಲು ಒಂದು ದೊಡ್ಡ ಪೆಟ್ಟಿಗೆಗೆ ಚೂಪು ಕಿಟಕಿ ಕೊರೆದಂತಿದ್ದವು. ಇದಕ್ಕೆ ಎದುರು ನಿಂತವರಲ್ಲಿ ವಾಸ್ತುಶಿಲ್ಪಿ ಪ್ಯೂಜಿನ್ ಒಬ್ಬ, ಚರ್ಚು ಕಟ್ಟಡಗಳ ಅಧ್ಯಯನಕ್ಕೆಂದು 1839ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದ ಕ್ಯಾಮ್ಡೆನ್ ಸೊಸೈಟಿ ಇನ್ನೊಂದು. ಅವರ ಬೇಡಿಕೆ ಖಚಿತವಾಗಿತ್ತು. ಜನ ಕೂರುವ ಉದ್ದ ಅಂಕಣವಾದ ನೇವ್ ಬೇರೆ, ಬಲಿಪೀಠದ ಕಡೆಯ ಚಾನ್ಸೆಲ್ ಬೇರೆ, ಎರಡಕ್ಕೂ ಬೇರೆ ಬೇರೆ ಮಾಡು. ಬಲಿಪೀಠ ಪೂರ್ವಕ್ಕೆ. ಬಾಗಿಲ ಮೊಗಸಾಲೆ ದಕ್ಷಿಣದ ಬದಿಯಲ್ಲಿ. ಮಾಡಿನ ಮರ ಒಳಗಿನಿಂದ ಕಾಣಬೇಕು, ಕಲ್ಲು ಕಲ್ಲಾಗಿಯೇ ಇರಬೇಕು. ಮಾದರಿ 14ನೇ ಶತಮಾನದ ಇಂಗ್ಲಿಷ್ ಹಳ್ಳಿ ಚರ್ಚು. 1850ರ ನಂತರ ಬಣ್ಣಬಣ್ಣದ ಇಟ್ಟಿಗೆಯ ಪಟ್ಟೆಗಳು ಬಂದವು. ಲಂಡನ್ನಿನ ಮಾರ್ಗರೆಟ್ ಸ್ಟ್ರೀಟಿನಲ್ಲಿ ಬಟರ್‌ಫೀಲ್ಡ್ ಕಟ್ಟಿದ ಆಲ್ ಸೇಂಟ್ಸ್, 1859ರದ್ದು, ಇದರ ಹೆಸರುವಾಸಿ ಉದಾಹರಣೆ. ಬಿಸಿಲಿನ ದೇಶಕ್ಕೆ ಗಾಥಿಕ್ಕನ್ನು ಹೊಂದಿಸುವುದು ಹೇಗೆ ಎಂದೂ ಇದೇ ಗುಂಪು 1840ರ ದಶಕದಲ್ಲಿ ತಲೆ ಕೆಡಿಸಿಕೊಂಡಿತ್ತು. ಗೋಡೆ ದಪ್ಪ ಮಾಡಿ, ಕಿಟಕಿ ಸಣ್ಣದು ಮಾಡಿ ಎಂಬುದು ಅವರ ಸಲಹೆ. ನಮ್ಮ ಕರಾವಳಿಯಲ್ಲಿ ಕಿಟಕಿ ಸಣ್ಣದು ಮಾಡಿದರೆ ಜೂನಿನಲ್ಲಿ ಬೆಂಚಿಗೆ ಬೂಸಲು ಬರುತ್ತದೆ, ಆ ಮಾತು ಬೇರೆ.

ನಮ್ಮ ಕಡೆ ಬಂದ ಗಾಥಿಕ್‌ನ ದಾರಿ ಬೇರೆ. ಇಲ್ಲಿನ ಇಗರ್ಜಿಗಳು ಕಥೋಲಿಕ ಸಭೆಯವು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಪಾದ್ರಿಗಳಲ್ಲಿ ಹೆಚ್ಚಿನವರು ಇಟಲಿಯವರು. ಮಂಗಳೂರಿನ ಅಲೋಶಿಯಸ್ ಚಾಪೆಲ್ ನೋಡಿದರೆ ಗೊತ್ತಾಗುತ್ತದೆ, ಅದರಲ್ಲಿ ಗಾಥಿಕ್ ಏನೂ ಇಲ್ಲ. ಕಾಸರಗೋಡಿನ ಕಡೆಯ ಬೇಳದ ಶೋಕಮಾತೆಯ ಇಗರ್ಜಿ, 1890ರದ್ದು, ಗಾಥಿಕ್ ಎಂದು ಹೆಸರಾದದ್ದು. ಅಂದರೆ ಒಂದೇ ಧರ್ಮಪ್ರಾಂತ್ಯದಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಎರಡೂ ಬಗೆ ನಡೆದಿದೆ. ಸಂಚಿಕೆಯಲ್ಲಿ "ವಿಕ್ಟೋರಿಯಾ ಕಾಲದಲ್ಲಿ ಕಟ್ಟಿದ, ಗಾಥಿಕ್ ಪುನರುಜ್ಜೀವನದ ಛಾಯೆಯ ಇಗರ್ಜಿ" ಎಂದು ಬರೆಯಿರಿ. ಉದ್ದವಾಯಿತು, ಆದರೆ ಸುಳ್ಳಲ್ಲ. ಬರೀ "ಗಾಥಿಕ್" ಎಂದರೆ ಕಾಲ ತಿಳಿಯುವುದಿಲ್ಲ: ಮೈಸೂರಿನ ಸೇಂಟ್ ಫಿಲೋಮಿನಾ ಕೂಡ ಗಾಥಿಕ್ಕೇ, ಅದರ ಅಡಿಗಲ್ಲು 1933ರದ್ದು.

ಅಳತೆಯಲ್ಲಿ ಕಿಟಕಿ ಕಮಾನನ್ನು ತಪ್ಪಿಸಬೇಡಿ. ಎರಡೇ ಅಂಕಿ ಸಾಕು. ಕಮಾನು ಬಾಗಲು ಶುರುವಾಗುವ ಮಟ್ಟದಲ್ಲಿ ಒಳ ಅಗಲ, ಆ ಮಟ್ಟದಿಂದ ತುದಿಯವರೆಗಿನ ಎತ್ತರ. ಅರ್ಧ ಅಗಲದ ವರ್ಗ ಮತ್ತು ಎತ್ತರದ ವರ್ಗ ಕೂಡಿಸಿ, ಪೂರ್ತಿ ಅಗಲದಿಂದ ಭಾಗಿಸಿ. ಬರುವುದು ಕಮಾನಿನ ತ್ರಿಜ್ಯ. ತ್ರಿಜ್ಯ ಅಗಲಕ್ಕೆ ಸಮವಾದರೆ ಸಮಬಾಹು ಕಮಾನು, ಹೆಚ್ಚಾದರೆ ಈಟಿಯಂಥ ಲ್ಯಾನ್ಸೆಟ್, ಕಡಿಮೆಯಾದರೆ ಕುಳ್ಳು ಕಮಾನು. ಅಗಲ 120 ಸೆಂ.ಮೀ., ಎತ್ತರ 104 ಇದ್ದರೆ ತ್ರಿಜ್ಯ 120, ಸಮಬಾಹು. ಎಲ್ಲ ಕಿಟಕಿಗೂ ಒಂದೇ ಅಂಕಿ ಬಂದರೆ ಒಂದೇ ಮರದ ಅಚ್ಚಿನ ಮೇಲೆ ಕಟ್ಟಿದ್ದಾರೆ ಎಂದರ್ಥ. ಒಂದೆರಡು ಮಾತ್ರ ಬೇರೆಯಾದರೆ ಆಮೇಲೆ ಸೇರಿಸಿದ್ದು, ಇಲ್ಲವೇ ಕಮಾನು ಇಳಿದಿದೆ.

ಕರಣೆ_ಮತ್ತು_ಸುಣ್ಣ

ಕೆರೆಯುವುದನ್ನು ಸದ್ಯಕ್ಕೆ ನಿಲ್ಲಿಸಿ. ಕಾರಣ ಮುರಕಲ್ಲೇ.

ಇಂಗ್ಲೆಂಡಿನ ಚರ್ಚಿನಲ್ಲಿ ಗಾಥಿಕ್ ಇರುವುದು ಕಲ್ಲಿನಲ್ಲಿ. ಅಲ್ಲಿನ ಸುಣ್ಣಕಲ್ಲು, ಮರಳುಕಲ್ಲು ಉಳಿಗೆ ಬಾಗುತ್ತದೆ. ಎರಡು ಬೆರಳಗಲದ ಸುರುಳಿಯನ್ನೂ ಅದರಲ್ಲಿ ಕೆತ್ತಬಹುದು. ಮುರಕಲ್ಲು ಹಾಗಲ್ಲ. ಮೈತುಂಬ ತೂತು, ತೂತಿನೊಳಗೆ ಮೆತ್ತನೆ ಜೇಡಿ, ಸುತ್ತ ಗಟ್ಟಿ ಕಬ್ಬಿಣದಂಶ. ಕೊಡಲಿಯಲ್ಲಿ ಚೌಕ ಮಾಡಬಹುದು, ಚೂಪು ಅಂಚು ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಮೇಸ್ತ್ರಿಗಳು ಕಲ್ಲಿನಲ್ಲಿ ಒರಟು ಆಕಾರ ಮಾತ್ರ ಕಟ್ಟಿ, ಕಿಟಕಿಯ ಹುಬ್ಬು (ಕಮಾನಿನ ಮೇಲೆ ಚಾಚಿದ ಪಟ್ಟಿ), ಕಂಬದ ತಲೆ, ಗೋಪುರದ ಮೊಗ್ಗು, ನಕಲಿ ಕಲ್ಲುಗೆರೆ ಎಲ್ಲವನ್ನೂ ಸುಣ್ಣದಲ್ಲಿ ಎಳೆದರು. ಗಾರೆ ಕೆರೆದರೆ ನಿಮ್ಮ ಕೈಗೆ ಸಿಗುವುದು ಕೆಂಪು ಗೋದಾಮು. ಗಾಥಿಕ್ ನೆಲದ ಮೇಲೆ ರಾಶಿ ಬಿದ್ದಿರುತ್ತದೆ.

ಎರಡನೆಯದು ಮಳೆ. ಬಲಿಪೀಠ ಪೂರ್ವಕ್ಕೆ ಎಂಬ ಕ್ರಮ ಪಾಲಿಸಿದರೆ ಮುಖಗೋಡೆ ಪಶ್ಚಿಮಕ್ಕೆ ಬರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತದೆ. ಗಾರೆಯೊಳಗೇ ಇರಲಿ ಎಂದು ಆರಿಸಿದ ಕಲ್ಲನ್ನು ಈಗ ಬರಿಮೈಯಲ್ಲಿ ನಿಲ್ಲಿಸಿದರೆ ತೂತಿನ ಜೇಡಿ ತೊಳೆದು ಹೋಗುತ್ತದೆ. ಕ್ವಾರಿಯ ಅಡಿಭಾಗದ, ಶೇಡಿ ಎಂಬ ಮೆತ್ತನೆ ಜೇಡಿಮಣ್ಣಿಗೆ ಹತ್ತಿರದ ಕಲ್ಲು ನಡುವೆ ಸೇರಿದ್ದರೆ ಅದು ಮೊದಲು ಕರಗುತ್ತದೆ. ಪಾರದರ್ಶಕ ಕೋಟಿಂಗ್ ನೀರು ಒಳಹೋಗುವುದನ್ನು ತಡೆದೀತು. ಆದರೆ ನೆಲದಿಂದ ಏರಿದ ನೀರು, ಮಾಡಿನಿಂದ ಇಳಿದ ನೀರು ಹೊರಗೆ ಬರುವ ದಾರಿಯನ್ನೂ ಅದು ಮುಚ್ಚುತ್ತದೆ. ಆ ನೀರಿನ ಉಪ್ಪು ಕೋಟಿಂಗಿನ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನೇ ಹುಡಿ ಮಾಡಿ ಉದುರಿಸುತ್ತದೆ.

ಸಿಮೆಂಟ್ ಗಾರೆಯ ಕಥೆಯೂ ಇದೇ. ಮುರಕಲ್ಲಿಗೆ ಭಾರತೀಯ ಮಾನಕ ಕೇಳುವ ಕನಿಷ್ಠ ಬಲ ಚದರ ಮಿ.ಮೀ.ಗೆ 3.5 ನ್ಯೂಟನ್. 1:4ರ ಸಿಮೆಂಟ್ ಗಾರೆ ಅದಕ್ಕಿಂತ ಗಟ್ಟಿ. ಗಾರೆ ಕಲ್ಲಿಗಿಂತ ಗಟ್ಟಿಯಾದರೆ, ಬಿಡುವಾಗ ಕಲ್ಲಿನ ಚರ್ಮ ಕಿತ್ತುಕೊಂಡೇ ಬಿಡುತ್ತದೆ. ಸುಣ್ಣದ ಗಾರೆ ತಾನು ಹಾಳಾಗಿ ಕಲ್ಲನ್ನು ಉಳಿಸುತ್ತದೆ. ಅದು ಇರುವುದೇ ಅದಕ್ಕೆ.

ಈಗ ಮಾಡಬೇಕಾದ್ದು: ಮರದ ಸಣ್ಣ ಸುತ್ತಿಗೆಯಿಂದ ಇಡೀ ಗೋಡೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದು ಫೋಟೋ ತೆಗೆಯಿರಿ. ಬೂದು ಬಣ್ಣದ, ಚಾಕುವಿಗೆ ಜಗ್ಗದ ತೇಪೆ ಸಿಕ್ಕರೆ ಅದು ಹಿಂದೆ ಯಾರೋ ಮಾಡಿದ ಸಿಮೆಂಟ್. ಕೆನೆಬಣ್ಣದ, ಒಡೆದರೆ ಬಿಳಿ ಸುಣ್ಣದ ಗಂಟು ಕಾಣುವಂಥದ್ದು ಹಳೇ ಗಾರೆ. ಹೆಚ್ಚಿನ ಕಡೆ ಉಬ್ಬುವುದು ಸಿಮೆಂಟ್ ತೇಪೆಯ ಅಂಚಿನಲ್ಲೇ. ತೇಪೆ ತೆಗೆಯಿರಿ, ಹಳೆಯದನ್ನು ಬಿಡಿ. ಅಲಂಕಾರ ಇರುವ ಜಾಗ ಟೊಳ್ಳಾಗಿದ್ದರೆ ಕೀಳುವುದು ಬೇಡ: 6 ಮಿ.ಮೀ. ತೂತು ಕೊರೆದು, ಒಳಗಿನ ಹುಡಿ ತೊಳೆದು, ನುಣುಪು ಸುರ್ಕಿ (ಇಟ್ಟಿಗೆ ಹುಡಿ) ಬೆರೆಸಿದ ತೆಳು ಸುಣ್ಣವನ್ನು ಸಿರಿಂಜಿನಲ್ಲಿ ಕೆಳಗಿನಿಂದ ಮೇಲಕ್ಕೆ ತುಂಬಿಸಿ, ಗೋಣಿ ಸುತ್ತಿದ ಹಲಗೆಯನ್ನು ಒತ್ತಿಕೊಟ್ಟು ಒಂದು ವಾರ ಬಿಡಬೇಕು.

ಕಮಾನು_ಲೆಕ್ಕ

ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ. "ಕೆರೆದು ಕಲ್ಲು ತೋರಿಸೋಣ" ಎಂಬ ಚಟ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನದ್ದೇ. ಮಧ್ಯಯುಗದ ಚರ್ಚುಗಳನ್ನು ಜೀರ್ಣೋದ್ಧಾರ ಮಾಡುತ್ತೇವೆಂದು ಹೊರಟವರು ಶತಮಾನಗಳ ಗಾರೆಯನ್ನು, ಅದರ ಮೇಲಿನ ಚಿತ್ರಗಳ ಸಮೇತ ಕೆರೆದು ಹಾಕಿದರು. ಅದನ್ನು ವಿರೋಧಿಸಿ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ. ಆ ಸಂಘದ ಅಡ್ಡಹೆಸರೇ "ಆಂಟಿ ಸ್ಕ್ರೇಪ್", ಕೆರೆತ ವಿರೋಧಿ. ನಿಮ್ಮ ಸಭೆಯ ಜಗಳಕ್ಕೆ ಸುಮಾರು ನೂರೈವತ್ತು ವರ್ಷ ವಯಸ್ಸಾಗಿದೆ.

ಮಂಜಿ_ಹಂಚು

ಇಸವಿಯ ವಿಷಯ. ಮುಖಗೋಡೆಯ ಇಸವಿ ಅಡಿಗಲ್ಲಿನದ್ದಾಗಿರಬಹುದು, ಆಶೀರ್ವಚನದ್ದಾಗಿರಬಹುದು, ಧರ್ಮಕೇಂದ್ರ ಸ್ವತಂತ್ರವಾದ ವರ್ಷವಾಗಿರಬಹುದು, ಮುಖಗೋಡೆಯನ್ನಷ್ಟೇ ಹೊಸದಾಗಿ ಕಟ್ಟಿದ್ದೂ ಆಗಿರಬಹುದು. ಗಾರೆಯಲ್ಲಿ ಬರೆದ ಅಂಕಿಯನ್ನು ಪ್ರತಿ ಸಲ ಬಣ್ಣ ಬಳಿಯುವವರು ತಿದ್ದುತ್ತಾರೆ. 0 ಇದ್ದದ್ದು 6 ಆಗುತ್ತದೆ, 3 ಇದ್ದದ್ದು 8 ಆಗುತ್ತದೆ. ಗಂಟೆಯ ಮೈಮೇಲೆ ಎರಕದಲ್ಲೇ ಬಂದ ಇಸವಿಯನ್ನು ಯಾರೂ ತಿದ್ದಲಾರರು. ಆದರೆ ಗಂಟೆ ಕಟ್ಟಡಕ್ಕಿಂತ ಮೊದಲೇ ಬಂದಿರಬಹುದು.

ಹಂಚಿನಿಂದ ಕಾಲ ಹೇಳುವವರು ಬೀಳುವ ಹೊಂಡ ಒಂದಿದೆ. ಹಂಚು ಮಗುಚಿ "1865" ಎಂದು ಓದಿ ಮಾಡು 1865ರದ್ದು ಎಂದು ಬರೆಯುತ್ತಾರೆ. ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುಮಾಡಿದ ವರ್ಷ. ಆಲ್ಬುಕರ್ಕ್ ಕಂಪನಿಯ ಹಂಚಿನ ಮೇಲಿನ 1868 ಕೂಡ ಹಾಗೆಯೇ. ಹತ್ತಾರು ವರ್ಷ ಅದೇ ಅಚ್ಚು ನಡೆಯಿತು. ಹೆಸರು ಮಾತ್ರ ಸುಳಿವು ಕೊಡುತ್ತದೆ: ಒಂದನೇ ಮಹಾಯುದ್ಧದಲ್ಲಿ ಸರಕಾರ ಬಾಸೆಲ್ ಮಿಶನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ "ಕಾಮನ್‌ವೆಲ್ತ್" ಮುದ್ರೆಯ ಹಂಚು ಯುದ್ಧಕ್ಕಿಂತ ಮೊದಲಿನದ್ದಲ್ಲ. ಮಾಡಿನ ಕೆಳಸಾಲಿನ ಹಂಚು ನೋಡಿ ಪ್ರಯೋಜನವಿಲ್ಲ, ತೆಂಗಿನಕಾಯಿ ಬಿದ್ದು ಒಡೆದು ಎಷ್ಟೋ ಸಲ ಬದಲಾಗಿರುತ್ತವೆ. ನೆತ್ತಿಗೆ ಹತ್ತಿರದ ಸಾಲುಗಳಿಂದ, ಬೇರೆ ಬೇರೆ ಜಾಗದ ಇಪ್ಪತ್ತು ಹಂಚು ತೆಗೆದು ಲೆಕ್ಕ ಹಾಕಿ.

ಮರ ಇನ್ನೂ ಚೆನ್ನಾಗಿ ಮಾತಾಡುತ್ತದೆ. ಪಕ್ಕಾಸಿನ (ಹಂಚು ಹೊರುವ ಓರೆ ಮರದ) ಬದಿಗೆ ಟಾರ್ಚ್ ಓರೆಯಾಗಿ ಹಿಡಿಯಿರಿ. ಗರಗಸದ ಗೀರು ನೇರವಾಗಿ, ಆದರೆ ಒಂದಕ್ಕೊಂದು ಸ್ವಲ್ಪ ಓರೆಯಾಗಿದ್ದರೆ ಇಬ್ಬರು ಮೇಲೆ ಕೆಳಗೆ ನಿಂತು ಎಳೆದ ಕೈಗರಗಸ. ಬಾಗಿದ ಗೀರಿದ್ದರೆ ಮಿಲ್ಲಿನ ಚಕ್ರಗರಗಸ, ಆ ತುಂಡು ಆಮೇಲಿನದ್ದಾಗಿರುವ ಸಂಭವ ಹೆಚ್ಚು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲು ಹಂಚು ಮಂಜಿ ಎಂಬ ಸರಕು ದೋಣಿಯಲ್ಲಿ ಅಳಿವೆಗೆ ಬಂದು ಅಲ್ಲಿಂದ ಗಾಡಿಯಲ್ಲಿ ಒಳನಾಡಿಗೆ ಹೋಗುತ್ತಿತ್ತು. ಹಾಗಾಗಿ ಇಗರ್ಜಿಯ ಖರ್ಚಿನ ಪುಸ್ತಕ ಉಳಿದಿದ್ದರೆ ದೋಣಿ ಬಾಡಿಗೆ, ಗಾಡಿ ಬಾಡಿಗೆಯ ಸಾಲು ಹುಡುಕಿ. ಮಾಡು ಹೊದೆಸಿದ ವರ್ಷ ಅಲ್ಲಿ ಸಿಗುತ್ತದೆ.

ಪಯಸ್ವಿನಿ_ದಂಡೆ

ಅಳೆದು ನೋಡಿದೆವು. ಉತ್ತರದ ಐದು ಕಿಟಕಿಗೂ ಅಗಲ 122, ಎತ್ತರ 98 ಸೆಂ.ಮೀ. ದಕ್ಷಿಣದಲ್ಲಿ ನಾಲ್ಕು ಹಾಗೆಯೇ, ಗೋಪುರದ ಪಕ್ಕದ್ದು ಮಾತ್ರ ಎತ್ತರ 94. ಅದರ ನೆತ್ತಿಯಿಂದ ಮೇಲಕ್ಕೆ ಬಿರುಕೂ ಇದೆ. ಗಟ್ಟಿ ಆಗಲಿ ಅಂತ ಸುಣ್ಣಕ್ಕೆ ಹತ್ತರಲ್ಲಿ ಒಂದು ಪಾಲು ಸಿಮೆಂಟ್ ಸೇರಿಸಿದರೆ ಸಾಕು ಎಂದು ಇಲ್ಲಿನ ಮೇಸ್ತ್ರಿ ಹೇಳುತ್ತಾರೆ. ಸರಿಯೇ?

ಕಮಾನು_ಲೆಕ್ಕ

ತ್ರಿಜ್ಯ 109. ಅಗಲಕ್ಕಿಂತ ಕಡಿಮೆ, ಅಂದರೆ ಕುಳ್ಳು ಕಮಾನು. ಒಂಬತ್ತಕ್ಕೂ ಅಚ್ಚು ಒಂದೇ. ಹತ್ತನೆಯದು 4 ಸೆಂ.ಮೀ. ಕಡಿಮೆ, ಮೇಲೆ ಬಿರುಕು, ಪಕ್ಕದಲ್ಲಿ ಗೋಪುರ. ಗೋಪುರದ ಭಾರ ಹೆಚ್ಚು, ಅದರ ಪಾಯ ನೇವಿನ ಪಾಯಕ್ಕಿಂತ ಹೆಚ್ಚು ಕುಸಿಯುತ್ತದೆ. ಎರಡನ್ನೂ ಹೆಣೆದು ಕಟ್ಟಿದ್ದರೆ ಸೇರುವ ಜಾಗದಲ್ಲಿ ಬಿರಿಯುವುದು ಸಹಜ. ಅದು ನೂರು ವರ್ಷದ ಹಿಂದೆ ಕುಸಿದು ನಿಂತಿದೆಯೋ, ಈಗಲೂ ಇಳಿಯುತ್ತಿದೆಯೋ ತಿಳಿಯದೆ ಬಿರುಕು ಮುಚ್ಚಬೇಡಿ. ಬಿರುಕಿನ ಎರಡೂ ಬದಿಗೆ ಸಣ್ಣ ತಿರುಪು ಮೊಳೆ ಕೂರಿಸಿ, ಮೊಳೆಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಎರಡೂ ದಾಟಬೇಕು. ಮಳೆಯಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಮರಳಿದರೆ ಹೆದರಿಕೆಯಿಲ್ಲ. ಒಂದೇ ದಿಕ್ಕಿಗೆ ಬೆಳೆಯುತ್ತ ಹೋದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ, ಗಾರೆಯ ಮಾತು ಆಮೇಲೆ.

ಅಂದ ಹಾಗೆ, ನಿಮ್ಮ ಹೊರಗೋಡೆಗೆ ಆನೆಕಂಬಗಳು (ಗೋಡೆಗೆ ಒತ್ತುಕೊಡುವ ಕಂಬಗಳು) ಇದ್ದರೆ ಅವನ್ನು ಕಮಾನಿನ ಭಾರ ತಡೆಯಲು ಇಟ್ಟದ್ದು ಎಂದು ಸಂಚಿಕೆಯಲ್ಲಿ ಬರೆಯಬೇಡಿ. ಅದು ಕಲ್ಲಿನ ಚಾವಣಿಯ ಚರ್ಚಿಗೆ ಹೇಳುವ ಮಾತು. ಮರದ ಮಾಡಿಗೆ ಅಡ್ಡತೊಲೆ ಇದ್ದರೆ ಗೋಡೆಯನ್ನು ಹೊರಕ್ಕೆ ತಳ್ಳುವ ಬಲವೇ ಹೆಚ್ಚಿಲ್ಲ. ಇಲ್ಲಿ ಆನೆಕಂಬದ ಕೆಲಸ ಉದ್ದ ಗೋಡೆ ಬಾಗದಂತೆ ನೋಡಿಕೊಳ್ಳುವುದು, ಉಳಿದದ್ದು ಅಂದ.

ಕರಣೆ_ಮತ್ತು_ಸುಣ್ಣ

ಹತ್ತರಲ್ಲಿ ಒಂದು ಪಾಲು ಸಿಮೆಂಟ್ ಬೇಡ. ಅಷ್ಟು ಕಡಿಮೆ ಸಿಮೆಂಟಿಗೆ ಗಾರೆಯನ್ನು ಹಿಡಿದಿಡುವ ಶಕ್ತಿ ಇಲ್ಲ, ಸುಣ್ಣ ತನ್ನಷ್ಟಕ್ಕೆ ಗಟ್ಟಿಯಾಗುವುದನ್ನು ಮಾತ್ರ ಕೆಡಿಸುತ್ತದೆ. ಎರಡೂ ಕಡೆ ನಷ್ಟ. ಬೇಗ ಗಟ್ಟಿಯಾಗಬೇಕೆಂದರೆ ಸುರ್ಕಿ ಸೇರಿಸಿ: ಹದವಾಗಿ ಸುಟ್ಟ ಇಟ್ಟಿಗೆಯ ನುಣ್ಣನೆ ಹುಡಿ, ಅತಿಯಾಗಿ ಸುಟ್ಟು ಕಪ್ಪಾದದ್ದಲ್ಲ.

ಅಡಿಪದರಕ್ಕೆ ನೆನೆದ ಸುಣ್ಣದ ಮುದ್ದೆ 1 ಪಾಲು, ತೊಳೆದ ಹೊಳೆ ಹೊಯ್ಗೆ 3 ಪಾಲು. ಆ ಮೂರರಲ್ಲಿ ಅರ್ಧ ಪಾಲಿನ ಜಾಗಕ್ಕೆ ಸುರ್ಕಿ ಹಾಕಬಹುದು. ಕಡಲ ಹೊಯ್ಗೆ ಬೇಡವೇ ಬೇಡ, ಉಪ್ಪು. ಚಿಪ್ಪಿನ ಸುಣ್ಣವನ್ನು ಹೊಂಡದಲ್ಲಿ ಅರಳಿಸಿ, ಜರಡಿ ಹಿಡಿದು, ನೀರಿನಡಿಯಲ್ಲಿ ಕಡಿಮೆಯೆಂದರೆ ಮೂರು ವಾರ ಇಡಬೇಕು, ಮೂರು ತಿಂಗಳಾದರೆ ಒಳ್ಳೆಯದು. ಅರಳದ ಕಣ ಉಳಿದಿದ್ದರೆ ಗೋಡೆಯ ಮೇಲೆ ಆಮೇಲೆ ಅರಳಿ ಸಣ್ಣ ಸಣ್ಣ ಕುಳಿ ಹಾರಿಸುತ್ತದೆ. ಪದರ 10-12 ಮಿ.ಮೀ. ಮೀರಬಾರದು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ. ದಪ್ಪ ಮಾಡಿದರೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಒಂದು ಪದರಕ್ಕೂ ಇನ್ನೊಂದಕ್ಕೂ ಹತ್ತು ದಿನ ಬಿಡಿ, ಒದ್ದೆ ಗೋಣಿ ಇಳಿಬಿಡಿ. ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಮುಗಿಸಬೇಕು. ಏಪ್ರಿಲ್‌ನಲ್ಲಿ ಮಾಡಿದ್ದು ಬಿಸಿಲಿಗೆ ಒಣಗುತ್ತದೆ, ಗಟ್ಟಿಯಾಗುವುದಿಲ್ಲ. ಒಣಗುವುದೂ ಗಟ್ಟಿಯಾಗುವುದೂ ಬೇರೆ. ಅನುಮಾನ ಬಂದರೆ ಒಂದು ಚೂರು ಮುರಿದು ಫಿನಾಲ್ಫ್ತಲೀನ್ ಹನಿ ಹಾಕಿ, ಗುಲಾಬಿ ಬಣ್ಣ ಬಂದಷ್ಟು ಭಾಗ ಇನ್ನೂ ಹಸಿ.

ಕಿಟಕಿಯ ಹುಬ್ಬು ಬಿದ್ದುಹೋದ ಕಡೆ ಕೈಯಲ್ಲಿ ಮೆತ್ತಬೇಡಿ. ಪಕ್ಕದ ಸರಿಯಿರುವ ಹುಬ್ಬಿಗೆ ಕಾಗದ ಒತ್ತಿ ಅಡ್ಡಕೊಯ್ತದ ಆಕಾರ ತೆಗೆದು, ತಗಡಿನಲ್ಲಿ ಕತ್ತರಿಸಿ ಹಲಗೆಗೆ ಹೊಡೆಯಿರಿ. ಆ ಹಲಗೆಗೆ ತ್ರಿಜ್ಯದ ಉದ್ದದ ಪಟ್ಟಿ ಜೋಡಿಸಿ, ಪಟ್ಟಿಯ ತುದಿಯನ್ನು ಕಮಾನಿನ ಕೇಂದ್ರದಲ್ಲಿ ಮೊಳೆಗೆ ಸಿಕ್ಕಿಸಿದರೆ ಅಚ್ಚು ತಾನಾಗಿ ಬಾಗಿ ಓಡುತ್ತದೆ. ಈಗ ತಿಳಿಯಿತಲ್ಲ, 109ರ ಲೆಕ್ಕ ಯಾತಕ್ಕೆ ಎಂದು. ಹುಬ್ಬು ಕಮಾನಿನ ಒಳ ಅಂಚಿನಿಂದ ಹೊರಗಿರುವುದರಿಂದ ಪಟ್ಟಿಯ ಉದ್ದಕ್ಕೆ ಹುಬ್ಬಿನ ಹೊರ ಅಂಚಿನವರೆಗಿನ ಅಗಲವನ್ನೂ ಕೂಡಿಸಿಕೊಳ್ಳಿ. ಒಳತಿರುಳಿಗೆ ಹಂಚಿನ ಚೂರು ಸೇರಿಸಿದ ಒರಟು ಗಾರೆ, ಮೇಲೆ ಎರಡು ಮೂರು ಎಳೆತ, ಕೊನೆಯದು 3 ಮಿ.ಮೀ. ನುಣುಪು ಸುಣ್ಣ.

ಹುಬ್ಬಿನ ಕೆಳಮೈಯಲ್ಲಿ ಬೆರಳಾಡಿಸಿದರೆ ಒಂದು ಸಣ್ಣ ಕಾಲುವೆ ಸಿಗಬೇಕು, 10 ಮಿ.ಮೀ. ಅಗಲದ್ದು. ನೀರು ಅಲ್ಲಿಗೆ ಬಂದು ಮುಂದೆ ಹೋಗಲಾರದೆ ತೊಟ್ಟಿಕ್ಕುತ್ತದೆ. ಬಣ್ಣದವರು ಪುಟ್ಟಿ ತುಂಬಿಸಿ ಅದನ್ನು "ನೀಟ್" ಮಾಡಿರುತ್ತಾರೆ. ಆಗ ನೀರು ಕೆಳಮೈ ಹಿಡಿದು ಗೋಡೆಗೆ ಮರಳುತ್ತದೆ. ನಿಮ್ಮ ಪಶ್ಚಿಮ ಗೋಡೆಯ ಉಬ್ಬುಗಳು ಕಿಟಕಿಯ ಎರಡೂ ಕಿವಿಯ ಕೆಳಗೇ ಇದ್ದರೆ ಮೊದಲು ಇದನ್ನು ನೋಡಿ.

ಬಡಗು_ಬೆಟ್ಟ

ನೀಲಗಿರಿಯ ಕಡೆಯಿಂದ ಹೋಲಿಕೆಗೆ ಒಂದು. ಊಟಿಯ ಸೇಂಟ್ ಸ್ಟೀಫನ್ಸ್ ಅನ್ನು ಪ್ರವಾಸಿ ಬರಹಗಳು ವಿಕ್ಟೋರಿಯನ್ ಎಂದು ಬರೆಯುತ್ತವೆ. ಅಡಿಗಲ್ಲು 1829ರ ಏಪ್ರಿಲ್, ಪ್ರತಿಷ್ಠೆ 1830ರ ನವೆಂಬರ್. ವಿಕ್ಟೋರಿಯಾ ಪಟ್ಟಕ್ಕೆ ಬರಲು ಇನ್ನೂ ಏಳು ವರ್ಷ ಇತ್ತು. ಕಟ್ಟಿಸಿದವನು ಮದ್ರಾಸ್ ಗವರ್ನರ್ ಲಷಿಂಗ್ಟನ್, ನಕ್ಷೆ ಕ್ಯಾಪ್ಟನ್ ಅಂಡರ್‌ವುಡ್‌ನದ್ದು, ದೊಡ್ಡ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಲಾಲ್‌ಬಾಗ್ ಅರಮನೆಯವು. ಮೇಲೆ ಹೇಳಿದ ಕ್ಯಾಮ್ಡೆನ್ ಸೊಸೈಟಿಗಿಂತ ಮೊದಲಿನ ಗಾಥಿಕ್ ಹೇಗಿತ್ತು ಎಂದು ನೋಡಬೇಕಾದರೆ ಅಲ್ಲಿಗೆ ಹೋಗಬಹುದು. ತೊಲೆ ಅರಮನೆಯದ್ದಾದರೂ ಚರ್ಚಿನ ವಯಸ್ಸು ಅರಮನೆಯದ್ದಲ್ಲ. ಮರ ನೋಡಿ ಕಾಲ ಹೇಳುವವರು ಇದನ್ನೂ ನೆನಪಿಡಲಿ.

ಮಂಜಿ_ಹಂಚು

ಒಪ್ಪಿದೆ, ಹಳೇ ಮರ ಹೊಸ ಮಾಡಿಗೆ ಏರುವುದು ನಮ್ಮಲ್ಲೂ ಮಾಮೂಲು. ಬಳಕೆಯಿಲ್ಲದ ಗೂಟದ ತೂತು, ಕಚ್ಚಿನ ಗುರುತು ಕಂಡರೆ ಅದು ಬೇರೆಲ್ಲೋ ಇದ್ದ ಮರ.

ಗಾರೆಗೆ ಕೈ ಹಾಕುವ ಮೊದಲು ಮಾಡು ಸರಿಮಾಡಿ. ಮುಖಗೋಡೆ ಹಿಂದಿನ ಮಾಡಿಗಿಂತ ಎತ್ತರಕ್ಕೆ ಎದ್ದಿರುತ್ತದೆ, ಹಂಚು ಆ ಗೋಡೆಗೆ ಹೋಗಿ ತಾಗುವ ಸಂದಿಯಲ್ಲಿ ಬರೀ ಸಿಮೆಂಟ್ ಮೆತ್ತಿರುತ್ತಾರೆ. ಮರ ಹಿಗ್ಗಿ ಕುಗ್ಗುತ್ತದೆ, ಗೋಡೆ ಅಲುಗುವುದಿಲ್ಲ, ಮೆತ್ತಿದ್ದು ಕೂದಲೆಳೆಯಷ್ಟು ಬಿಡುತ್ತದೆ. ಅಷ್ಟು ಸಾಕು. ಅಲ್ಲಿ ಸತುವಿನ ಅಥವಾ ಸೀಸದ ತಗಡನ್ನು ಗೋಡೆಯೊಳಗೆ 25 ಮಿ.ಮೀ. ಕಚ್ಚಿಸಿ, ಹಂಚಿನ ಮೇಲೆ 15 ಸೆಂ.ಮೀ. ಇಳಿಬಿಡಬೇಕು. ಹಾಗೆಯೇ ಅಡ್ಡತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗವನ್ನು ಚೂಪು ದಬ್ಬಣದಿಂದ ಚುಚ್ಚಿ ನೋಡಿ. ಹೊರಗೆ ಕಲ್ಲಿನಂತಿರುವ ಬೋಗಿ ಮರವೂ ಒದ್ದೆ ಗೋಡೆಯೊಳಗೆ ಟೊಳ್ಳಾಗಿರಬಹುದು.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದೀರಾ? ಹಾಕಿದ್ದರೆ ಗೋಡೆಗೆ ತಾಗಿದ ಎರಡು ಅಡಿ ಕಿತ್ತು ಜಲ್ಲಿ ತುಂಬಿಸಿ, ಮಟ್ಟ ಪಂಚಾಂಗದಿಂದ (ಗೋಡೆಯ ಅಡಿಪೀಠದಿಂದ) ಒಂದು ಗೇಣು ಕೆಳಗಿರಲಿ. ಒಳಗೋಡೆಯಲ್ಲಿ ಸೊಂಟದೆತ್ತರದವರೆಗೆ ಬಿಳಿ ಹುಡಿ ಏಳುತ್ತಿದ್ದರೆ ಆ ನೀರು ಮಾಡಿನದ್ದಲ್ಲ, ಅಂಗಳದ್ದು.

ಪಯಸ್ವಿನಿ_ದಂಡೆ

ಇಂಟರ್‌ಲಾಕ್ ಇದೆ, ಗೋಡೆಗೆ ಒತ್ತಿಯೇ ಹಾಕಿದ್ದಾರೆ. ಹುಬ್ಬಿನ ಕೆಳಗಿನ ಕಾಲುವೆಯಲ್ಲಿ ಪುಟ್ಟಿಯೂ ಇದೆ, ಹನ್ನೊಂದರಲ್ಲಿ ಒಂಬತ್ತು ಕಡೆ. ಮುಂದಿನ ಸಭೆಗೆ ತಟ್ಟಿ ನೋಡಿದ ನಕ್ಷೆ, ಬಿರುಕಿನ ಮೊದಲ ಅಳತೆ ಎರಡನ್ನೂ ಒಯ್ಯುತ್ತೇವೆ.